ಕರಗದೆ ಉಳಿದ ಹರಳು

ಪಿಎಚ್.ಡಿ.ಯ ಮೌಖಿಕ ಪರೀಕ್ಷೆಗೆ ಒಂದು ದಿನ ಇರುವಾಗ ಒತೀಲಿಯಾ ಇರಲಾರದೆ ಇರುವೆ ಬಿಟ್ಟುಕೊಂಡಳು. ಏನೂ ಬೆರೆಸದ ಬರೀ ಪ್ಲಾಸ್ಟಿಕ್ಕಿನ ಚೂರೊಂದನ್ನು ಹರಳುಗಟ್ಟುವ ವೇಗ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದಳು.

ಸಾಲ್ತಿಯೊ ನಗರದ ಆ ಪ್ರಯೋಗಾಲಯದಲ್ಲಿ ಅವಳು ಆರು ವರ್ಷ ಜೀವ ತೇಯ್ದಿದ್ದು ಒಂದೇ ಮಾತಿಗಾಗಿ: ಕರಗಿದ ಪ್ಲಾಸ್ಟಿಕ್ಕಿಗೆ ಇಂಗಾಲದ ನ್ಯಾನೊ ಕೊಳವೆಗಳನ್ನು ಬೆರೆಸಿದರೆ, ಆರುವಾಗ ಅವುಗಳ ಮೈಗಂಟಿಕೊಂಡು ಹರಳು ಬೇಗ ಕಟ್ಟುತ್ತದೆ. ಈಗ ನೋಡಿದರೆ, ಕೊಳವೆಯೇ ಇಲ್ಲದ ಚೂರೂ ಅಷ್ಟೇ ಬೇಗ ಹರಳುಗಟ್ಟಿತ್ತು.

ತಪ್ಪು ಎಲ್ಲಿದೆಯೆಂದು ತಕ್ಷಣ ಹೊಳೆಯಿತು. ಹೋಲಿಕೆಗೆ ಇಟ್ಟುಕೊಂಡಿದ್ದ ಬರೀ ಪ್ಲಾಸ್ಟಿಕ್ಕಿನ ಅಳತೆ ಹಿಂದಿನ ವಿದ್ಯಾರ್ಥಿಯದು. ಅವನು ಇನ್ನೂರು ಡಿಗ್ರಿಗೆ ಕಾಯಿಸಿದ್ದ. ಇವಳು ಸುಟ್ಟೀತೆಂಬ ಹೆದರಿಕೆಗೆ ತನ್ನವನ್ನೆಲ್ಲ, ಇವತ್ತಿನ ಚೂರನ್ನೂ ಸೇರಿಸಿ, ನೂರ ಎಪ್ಪತ್ತಕ್ಕೇ ನಿಲ್ಲಿಸಿದ್ದಳು. ಹಳೆಯ ಹರಳುಗಳು ಪೂರ್ತಿ ಕರಗದೆ ಒಳಗೇ ಉಳಿದಿದ್ದವು. ಪಾಕದಲ್ಲಿ ನಾಲ್ಕು ಕಾಳು ಸಕ್ಕರೆ ಉಳಿದರೂ ಸಾಕು, ಇಡೀ ಪಾತ್ರೆ ಹರಳುಗಟ್ಟುತ್ತದೆ. ಕೊಳವೆ ಬೆರೆಸಿದ್ದು, ಬೆರೆಸದ್ದು ಎರಡನ್ನೂ ಇನ್ನೂರಕ್ಕೆ ಕಾಯಿಸಿ ನೋಡಿದಳು. ಕೊಳವೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮಾರ್ಗದರ್ಶಕ ಬೌದೆಲಿಯೊ ಯಂತ್ರ ಬರೆದ ರೇಖೆಗಳನ್ನು ಬಹಳ ಹೊತ್ತು ನೋಡಿದರು.

"ಇವತ್ತೇ ಅಳೀಬೇಕಿತ್ತೇನೇ ನಿಂಗೆ?"

"ಡಾಕ್ಟ್ರೇ, ನಾಳೇದನ್ನ ಮುಂದಕ್ಕೆ ಹಾಕ್ಸಿ. ಎಲ್ಲಾ ಮತ್ತೆ ಮಾಡ್ತೀನಿ."

"ಎಲ್ಲಿ ಮಾಡ್ತೀಯ? ಈ ತಿಂಗ್ಳಿಗೆ ನಿನ್ ಸ್ಕಾಲರ್‌ಶಿಪ್ಪೂ ಮುಗೀತು, ಗಡುವೂ ಮುಗೀತು. ನಾಳೆ ಡಿಗ್ರಿ, ಇಲ್ಲಾಂದ್ರೆ ಯಾವತ್ತೂ ಇಲ್ಲ. ಯಾರೂ ಕೇಳಲ್ಲ, ಸುಮ್ನಿರು."

ಅವರು ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜ್ವರ ಬಂದಾಗ ಮನೆಯಿಂದ ಸಾರು ತಂದುಕೊಟ್ಟ ಮನುಷ್ಯ. ಒತೀಲಿಯಾ ಗೋಡೆಗೊರಗಿ ಅತ್ತಳು.

ಮಾರನೆಯ ದಿನ ಅವ್ವ ತಮ್ಮೂರು ಮೊಂಕ್ಲೋವಾದಿಂದ ತಮಾಲೆ ಕಡುಬಿನ ಪಾತ್ರೆ ಹೊತ್ತುಕೊಂಡೇ ಬಸ್ಸಿಳಿದಳು. ಗೇಟಿನ ಕಾವಲುಗಾರನನ್ನೂ ಬಿಡಲಿಲ್ಲ. "ನೋಡಪ್ಪಾ, ಉಕ್ಕಿನ ಕಾರ್ಖಾನೇಲಿ ಕಸ ಗುಡ್ಸಿದೋಳ ಮಗ್ಳು ಡಾಕ್ಟ್ರಾಗ್ತಾವ್ಳೆ!"

ಪರೀಕ್ಷೆ ಸಲೀಸಾಗಿ ಸಾಗಿತು. ಮುಗಿಯಿತೆನ್ನುವಾಗ, ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕಿ ಪ್ರಬಂಧದ ಹಾಳೆ ತಿರುವಿದಳು.

"ಇದ್ರಲ್ಲಿ ಒಂದ್ ಬರಿಯೋದು ಬಿಟ್ಟಿದ್ದೀಯ ನೋಡು ಮಗಾ. ಅಳಿಯೋಕ್ ಮುಂಚೆ ಎಲ್ಲಾನೂ ಎಷ್ಟು ಡಿಗ್ರಿಗೆ ಕಾಯಿಸ್ದೆ?"

ಬೌದೆಲಿಯೊ ತಲೆ ತಗ್ಗಿಸಿದರು. ಒತೀಲಿಯಾ ಪ್ರೇಕ್ಷಕರ ನಡುವೆ ಇದ್ದ ಅವ್ವನತ್ತ ನೋಡಿದಳು. ಅವ್ವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಮಗಳಿಗೆ ಉತ್ತರ ಗೊತ್ತಿದ್ದೇ ಇರುತ್ತದೆಂದು ನಗುತ್ತ ಕೂತಿದ್ದಳು.

"ಇನ್ನೂರಕ್ಕೆ," ಎಂದಳು ಒತೀಲಿಯಾ.

ಮುದುಕಿ ತಲೆಯಾಡಿಸಿ ಸಹಿ ಹಾಕಿದಳು. ಚಪ್ಪಾಳೆ ಬಿತ್ತು. ಅವ್ವ ಓಡಿಬಂದು ಮಗಳನ್ನು ಅಪ್ಪಿಕೊಂಡು ಕಿವಿಯಲ್ಲಿ ಕೇಳಿದಳು:

"ಆ ಯಮ್ಮ ಕೊನೇಗ್ ಕೇಳಿದ್ದು ಭಾಳ ಕಷ್ಟದ್ದೇನೇ? ಮುಖ ಬಿಳುಚ್ಕೊಂಡಿತ್ತಲ್ಲೇ ನಿಂದು."

"ಇಲ್ಲವ್ವ," ಎಂದಳು ಡಾಕ್ಟರ್ ಒತೀಲಿಯಾ, "ಎಲ್ಲಕ್ಕಿಂತ ಸುಲಭದ್ದು ಅದೇ."