ಸೋಮವಾರದ ಕೋಳಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ನನಗಿನ್ನೂ ಗೊತ್ತಾಗಿಲ್ಲ. ವಾಸನೆಯಿಂದ ಶುರು ಮಾಡಿದರೆ ನೀವು ಮೂಗು ಮುಚ್ಚಿಕೊಂಡು ಪುಟ ತಿರುಗಿಸಿಬಿಡುತ್ತೀರಿ. ಲಾರಿಯಿಂದ ಶುರು ಮಾಡಿದರೆ ಕೋಳಿ ಅಂಗಡಿ ಮುಟ್ಟುವ ಹೊತ್ತಿಗೆ ನಿಮಗೆ ತೂಕಡಿಕೆ ಬಂದಿರುತ್ತದೆ. ಮೊದಲ ಡ್ರಾಫ್ಟನ್ನು ಕೋಳಿಯೇ ಹೇಳುವ ಹಾಗೆ ಬರೆದಿದ್ದೆ. (“ನಾನು ಸತ್ತು ಎರಡು ದಿನವಾಗಿತ್ತು” ಎಂಬುದು ಮೊದಲ ಸಾಲು. ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮರುದಿನ ಓದಿದಾಗ ನಾಚಿಕೆಯಿಂದ ಮೈ ಹಿಡಿಯಾಯಿತು.) ಹರಿದು ಹಾಕಿದ್ದೇನೆ, ಅದರ ಸುದ್ದಿ ಕೇಳಬೇಡಿ.

ಇನ್ನೊಂದು ಮಾತು. ಇದನ್ನು ಬರೆಯಲು ಕೂತಾಗಿನಿಂದ ನಾಲ್ಕು ಸಲ ಎದ್ದು ಹೋಗಿ ನಮ್ಮ ಮನೆಯ ಫ್ರಿಜ್ಜಿನೊಳಗೆ ಕೈ ಇಟ್ಟು ನೋಡಿ ಬಂದಿದ್ದೇನೆ. ತಣ್ಣಗೇ ಇದೆ. ಆದರೂ ಸಮಾಧಾನವಿಲ್ಲ.

೨

ಅವಳಿಂದಲೇ ಶುರು ಮಾಡುತ್ತೇನೆ.

ಅವಳು ಸೂಪರ್‌ಮಾರ್ಕೆಟ್ಟಿನ ಹಿಂಬಾಗಿಲಿನವಳು. ಮುಂಬಾಗಿಲು ನಿಮಗೆ ಗೊತ್ತೇ ಇದೆ: ತಾನಾಗಿ ಸರಿಯುವ ಗಾಜು, ಮುಖಕ್ಕೆ ಬಡಿಯುವ ತಂಪು ಗಾಳಿ, ಒಂದು ಚಕ್ರ ಸದಾ ಬೇರೆ ದಿಕ್ಕಿಗೆ ಎಳೆಯುವ ತಳ್ಳುಗಾಡಿ. ಹಿಂಬಾಗಿಲಿಗೆ ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುತ್ತವೆ. ಬಂದ ಮಾಂಸ, ಹಾಲು, ಬೆಣ್ಣೆ ಸಾಕಷ್ಟು ತಣ್ಣಗಿವೆಯೇ ಎಂದು ನೋಡಿ, ರಿಜಿಸ್ಟರಿನಲ್ಲಿ ಡಿಗ್ರಿ ಬರೆದು, ಸಹಿ ಹಾಕಿ ಒಳಗೆ ಬಿಡುವುದು ಅವಳ ಕೆಲಸ. ಸೂಜಿ ಇರುವ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾಳೆ. ಹೀಗಾಗಿ ಇಡೀ ಅಂಗಡಿಗೆ ಅವಳು ಥರ್ಮಾಮೀಟರಕ್ಕ. ವಯಸ್ಸು ನಲವತ್ತನಾಲ್ಕು. ಮನೆಯಲ್ಲಿ ಕೆಲಸ ಕಳೆದುಕೊಂಡು ವರ್ಷವಾದ ಗಂಡ, ಹೊಟ್ಟೆಯ ಆಪರೇಷನ್ ಆಗಿ ಮಲಗಿರುವ ಮಾವ.

ನಿಯಮ ಬಹಳ ಸರಳ. ಕೋಳಿ ಲಾರಿ ಬಂದಾಗ ಒಂದು ಪ್ಯಾಕೆಟ್ಟಿಗೆ ಸೂಜಿ ಚುಚ್ಚಬೇಕು. ನಾಲ್ಕು ಡಿಗ್ರಿಯೊಳಗಿದ್ದರೆ ಒಳಗೆ, ಮೇಲಿದ್ದರೆ ಲಾರಿ ವಾಪಸ್. ತೊಂದರೆ ಏನೆಂದರೆ ಚುಚ್ಚಿದ ಪ್ಯಾಕೆಟ್ಟನ್ನು ಮಾರುವಂತಿಲ್ಲ. ದಿನಕ್ಕೊಂದು ಕೋಳಿ ದಂಡ. ಮ್ಯಾನೇಜರಿಗೆ ಇದು ಕಣ್ಣಿಗೆ ಚುಚ್ಚುತ್ತಿತ್ತು.

“ಅಕ್ಕಾ, ದಿನಾ ಒಂದೊಂದು ತೂತು ಮಾಡಿ ಬಿಸಾಕಿದ್ರೆ ಹೇಗೆ?” ಎಂದಿದ್ದ ಒಂದು ದಿನ. “ನಿನ್ನೆ ಚುಚ್ಚಿದ್ದು ಇದೆಯಲ್ಲ, ಅದಕ್ಕೇ ಚುಚ್ಚಿ.”

ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ, ಹೇಳಿ ನಗುತ್ತ ಹೋದ. ಅವಳು ಮರುದಿನ ಹಾಗೇ ಮಾಡಿದಳು. ಅಂದಿನಿಂದ ಸೋಮವಾರದ ಲಾರಿಯಲ್ಲಿ ಮಾತ್ರ ಹೊಸ ಪ್ಯಾಕೆಟ್ಟಿಗೆ ಸೂಜಿ. ಆ ಪ್ಯಾಕೆಟ್ಟನ್ನು ಕೋಲ್ಡ್‌ರೂಮಿನ ಮೂಲೆಯಲ್ಲಿ ಇಟ್ಟುಕೊಳ್ಳುವುದು. ಮಂಗಳವಾರ ಲಾರಿ ಬಂದರೆ ಅದನ್ನು ತಂದು ಲಾರಿಯ ಅಂಚಿನ ಮೇಲಿಟ್ಟು ಅದೇ ತೂತಿಗೆ ಅದೇ ಸೂಜಿ. ಬುಧವಾರವೂ ಅದೇ, ಗುರುವಾರವೂ ಅದೇ. ಅದು ಆಯಾ ದಿನದ ಲಾರಿಯ ಒಳಗನ್ನು ಕಂಡದ್ದೇ ಇಲ್ಲ. ಪಾಪ, ಅದು ತೋರಿಸುತ್ತಿದ್ದದ್ದು ಕೋಲ್ಡ್‌ರೂಮಿನ ಡಿಗ್ರಿಯನ್ನು. ಮೂರು ತಿಂಗಳು ರಿಜಿಸ್ಟರಿನಲ್ಲಿ ಮೂರು, ಮೂರೂವರೆ, ಮೂರು. ತಪಾಸಣೆಗೆ ಬಂದವರು ಪುಟ ತಿರುವಿ, ತಲೆದೂಗಿ, ಕಾಫಿ ಕುಡಿದು ಹೋದರು.

(ಇಷ್ಟೊಂದು ಪೆದ್ದುತನ ಯಾರಾದರೂ ಮಾಡುತ್ತಾರೆಯೇ ಎಂದು ನಿಮಗೆ ಅನ್ನಿಸುತ್ತಿರಬೇಕು. ನನಗೂ ಅನ್ನಿಸಿತು. ಅವಳನ್ನೇ ಕೇಳಿದೆ. “ತೂತಾಗಿರೋದಕ್ಕೆ ತೂತು ಮಾಡಿದ್ರೆ ಏನೂ ಹಾಳಾಗಲ್ವಲ್ಲ ಅಂತ ಅಷ್ಟೇ ಹೊಳೆದಿದ್ದು,” ಎಂದಳು. “ಆಮೇಲೆ ಮಾಡ್ತಾ ಮಾಡ್ತಾ ಅದೇ ಕೆಲಸ ಅನ್ನಿಸಿಬಿಡ್ತು.” ಬರೆಯುವ ಚಟ ಇರುವ ನನಗೆ ಇದು ಹೊಸದಲ್ಲ.)

೩

ಆ ಗುರುವಾರ ಆರಕ್ಕೆ ಬರಬೇಕಾದ ಲಾರಿ ಒಂಬತ್ತಕ್ಕೆ ಬಂತು.

“ಟೈರ್ ಹೋಯ್ತು ಅಕ್ಕ. ಮೂರು ಗಂಟೆ ರೋಡಲ್ಲೇ ನಿಂತಿದ್ದೆ,” ಎಂದ ಡ್ರೈವರ್. ಎರಡು ವರ್ಷದಿಂದ ಬರುತ್ತಿರುವವನು. ಶರ್ಟೆಲ್ಲ ಗ್ರೀಸು.

“ಕೂಲಿಂಗ್ ಓಡ್ತಿತ್ತಾ ಅಣ್ಣ?”

“ಓಡ್ತಾನೇ ಇತ್ತು. ಬೋರ್ಡ್ ನೋಡಿ, ಎರಡು ಅಂತಿದೆ.”

ಕೂಲಿಂಗ್ ಯಂತ್ರದ ಬೋರ್ಡಿನಲ್ಲಿ ಎರಡು ಎಂದೇ ಇತ್ತು. ಆದರೆ ಅದು ಲಾರಿಯೊಳಗೆ ಇರಬೇಕಾದ ತಂಪು, ಇದ್ದ ತಂಪಲ್ಲ. ಯಂತ್ರಕ್ಕೆ ಹೇಳಿಟ್ಟ ಅಂಕಿಯನ್ನೇ ಯಂತ್ರ ವಾಪಸ್ ತೋರಿಸುತ್ತಿತ್ತು. ಡ್ರೈವರಿಗೆ ಇದು ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಸೋಮವಾರದ ಕೋಳಿಯನ್ನು ತಂದು ಚುಚ್ಚಿದಳು. ಮೂರು ಪಾಯಿಂಟ್ ಎರಡು. ಬರೆದಳು, ಸಹಿ ಹಾಕಿದಳು. ತೊಂಬತ್ತಾರು ಪ್ಯಾಕೆಟ್ಟು ಒಳಗೆ ಹೋದವು. ಅದರಲ್ಲಿ ಒಂದನ್ನು ಅವಳೇ ಕೊಂಡು, ತಿಂಡಿ ಡಬ್ಬಿ ಕೊಡಲು ಬಂದಿದ್ದ ಗಂಡನ ಕೈಗೆ ಕೊಟ್ಟಳು. ಮಾವನಿಗೆ ಸೂಪ್ ಕೊಡಬಹುದೆಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು.

೪

ಇಲ್ಲೊಂದು ಎರಡನೇ ಡ್ರಾಫ್ಟ್ ಇತ್ತು. ಅದರಲ್ಲಿ ಒಬ್ಬ ಚತುರ ಅಧಿಕಾರಿ ಬಂದು, ಟೈರು, ಬೋರ್ಡು, ಸೂಜಿ ಎಲ್ಲವನ್ನೂ ಜೋಡಿಸಿ ಅಪರಾಧಿಯನ್ನು ಹಿಡಿಯುತ್ತಿದ್ದ. ಆರು ಪುಟ ಓಡಿತು. ಅಷ್ಟು ಹೊತ್ತಿಗೆ ಕೋಳಿ ಮನೆ ಮನೆಗೆ ಹೋಗಿಬಿಡುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅಧಿಕಾರಿಗೆ ಕೈ ಮುಗಿದು ಕಳಿಸಿಕೊಟ್ಟೆ.

ನಡೆದದ್ದು ಇಷ್ಟು. ಹನ್ನೆರಡೂ ಹತ್ತಕ್ಕೆ ಮಾಂಸದ ಕೌಂಟರಿನವನು ಒಂದು ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ. ಪ್ಲಾಸ್ಟಿಕ್ಕು ಉಬ್ಬಿಕೊಂಡಿತ್ತು.

“ಅಕ್ಕ, ಸ್ವಲ್ಪ ಮೂಸಿ ನೋಡಿ.”

ಮೂಸಬೇಕಾಗಿರಲಿಲ್ಲ. ಅವಳು ಅವನ ಹಿಂದೆಯೇ ಹೋಗಿ ಶೆಲ್ಫಿನಿಂದ ಇನ್ನೊಂದು ಪ್ಯಾಕೆಟ್ಟು ತೆಗೆದು, ಮೂರು ತಿಂಗಳಲ್ಲಿ ಮೊದಲ ಸಲ ಗುರುವಾರ ಹೊಸ ತೂತು ಮಾಡಿದಳು. ಒಂಬತ್ತು. ಇನ್ನೊಂದಕ್ಕೆ ಚುಚ್ಚಿದಳು. ಒಂಬತ್ತೂವರೆ. ಮೂರು ಗಂಟೆ ಫ್ರಿಜ್ಜಿನಲ್ಲಿ ಕೂತ ಮೇಲೆ ಒಂಬತ್ತು ಎಂದರೆ ಲಾರಿಯಲ್ಲಿ ಎಷ್ಟಿತ್ತು ಎಂದು ಲೆಕ್ಕ ಹಾಕಲು ಅವಳ ತಲೆ ಒಪ್ಪಲಿಲ್ಲ. ಉಳಿದದ್ದನ್ನೆಲ್ಲ ಶೆಲ್ಫಿನಿಂದ ತೆಗೆದಿಡಲು ಹೇಳಿದಳು. ಐವತ್ತೇಳು ಉಳಿದಿದ್ದವು. ಮೂವತ್ತೆಂಟು ಮಾರಾಟವಾಗಿದ್ದವು. ಒಂದು ಅವಳ ಮನೆಯಲ್ಲಿತ್ತು.

೫

ಮನೆಗೆ ಫೋನ್ ಮಾಡಿದಳು.

“ರೀ, ಆ ಕೋಳಿ?”

“ತೊಳೆದಿಟ್ಟಿದೀನಿ. ಕುಕ್ಕರ್ ಇಡಬೇಕು ಅಷ್ಟೇ.”

“ಇಡಬೇಡಿ. ಬಿಸಾಕಿ. ಕೈ, ಸಿಂಕು, ಚಾಕು ಎಲ್ಲ ಸೋಪು ಹಾಕಿ ತೊಳೀರಿ.”

“ಯಾಕೆ?”

“ಬಿಸಾಕಿ ಅಂದ್ನಲ್ಲ.”

ಫೋನಿಟ್ಟಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು.

ಇಲ್ಲಿ ನಾನು ಒಂದು ಸಾಲು ಖಾಲಿ ಬಿಟ್ಟು, ‘ಅವಳು ಮ್ಯಾನೇಜರ್ ಕೋಣೆಗೆ ಹೋದಳು’ ಎಂದು ಬರೆದಿದ್ದೆ. ಅವಳು ಬಿಡಲಿಲ್ಲ.

“ರೀ ಕಥೆಗಾರರೇ, ಆ ಇಪ್ಪತ್ತು ನಿಮಿಷ ಎಲ್ಲಿ?”

“ಯಾವ ಇಪ್ಪತ್ತು ನಿಮಿಷ?”

“ನಾಟಕ ಬೇಡ. ಮನೆಗೆ ಫೋನ್ ಮಾಡಿದ್ಮೇಲೆ ಮ್ಯಾನೇಜರ್ ಹತ್ರ ಹೋಗೋ ತನಕ.”

“ಅದನ್ನ ಬರೆದ್ರೆ ಓದೋರಿಗೆ ನಿಮ್ಮ ಮೇಲೆ ಬೇಜಾರಾಗುತ್ತೆ ಅಕ್ಕ. ಇಲ್ಲಿ ತನಕ ಅವರು ನಿಮ್ಮ ಕಡೆ ಇದಾರೆ.”

“ಆಗ್ಲಿ. ಬರೀರಿ.”

ಬರೆಯುತ್ತಿದ್ದೇನೆ, ಅವಳ ಜವಾಬ್ದಾರಿಯ ಮೇಲೆ. ಅವಳು ಕೋಲ್ಡ್‌ರೂಮಿಗೆ ಹೋಗಿ ಮಗುಚಿದ ಕ್ರೇಟಿನ ಮೇಲೆ ಕೂತಳು. ಉಬ್ಬಿದ್ದು ಒಂದೇ ಪ್ಯಾಕೆಟ್ಟಲ್ಲವೇ ಎಂದುಕೊಂಡಳು. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ, ಜನರಿಗೂ ಮೂಗಿದೆ, ವಾಸನೆ ಬಂದರೆ ಅವರೇ ಬಿಸಾಡುತ್ತಾರೆ ಎಂದುಕೊಂಡಳು. ಕೆಲಸ ಹೋದರೆ ಮನೆಯಲ್ಲಿ ಮೂರು ಜನ ಏನು ಮಾಡುವುದು, ಮೂರು ತಿಂಗಳ ರಿಜಿಸ್ಟರಿನಲ್ಲಿ ಪ್ರತಿ ಸಾಲಿಗೂ ತನ್ನದೇ ಸಹಿ ಎಂದುಕೊಂಡಳು. ಆಮೇಲೆ ಎದ್ದು ಮೂಲೆಯ ಸೋಮವಾರದ ಕೋಳಿಯನ್ನು ತೆಗೆದು, ಕಸದ ಚೀಲದಲ್ಲಿ ಸುತ್ತಿ, ಅದನ್ನು ಎಲ್ಲಿ ಬಚ್ಚಿಡಲಿ ಎಂದು ಆ ಚಳಿಯಲ್ಲಿ ಅತ್ತಿತ್ತ ನೋಡಿದಳು. ಅವಳ ಮನೆಯವರು ಬಚಾವಾಗಿದ್ದರು. ಇಪ್ಪತ್ತು ನಿಮಿಷ ಅವಳಿಗೆ ಅಷ್ಟೇ ಸಾಕಾಗಿತ್ತು.

“ಸಾಕಾ?” ಎಂದೆ.

“ಸಾಕು,” ಎಂದಳು. ನನ್ನ ಕಡೆ ನೋಡಲಿಲ್ಲ.

೬

ಆ ಚೀಲವನ್ನು ಬಚ್ಚಿಡದೆ ಕೈಯಲ್ಲಿ ಹಿಡಿದುಕೊಂಡೇ ಅವಳು ಮ್ಯಾನೇಜರ್ ಕೋಣೆಗೆ ಹೋದಳು. ಎಲ್ಲ ಹೇಳಿದಳು. ಮ್ಯಾನೇಜರ್ ಎದ್ದು ಕೋಣೆಯ ಬಾಗಿಲು ಮುಚ್ಚಿದ.

“ನಾನು ತಮಾಷೆಗೆ ಹೇಳಿದ್ದು ಅಕ್ಕ.”

“ನಾನು ತಮಾಷೆಗೆ ಮಾಡ್ಲಿಲ್ಲ ಸಾರ್.”

“ಹೆಡ್ ಆಫೀಸಿಗೆ ಮೇಲ್ ಹಾಕ್ತೀನಿ. ಅವರು ನೋಡಿ ಸಂಜೆಯೊಳಗೆ ಎಲ್ಲರಿಗೂ ಮೆಸೇಜ್ ಕಳಿಸ್ತಾರೆ. ನಾವಾಗಿ ನಾವು ಏನೂ ಮಾಡೋ ಹಾಗಿಲ್ಲ.”

“ಸಂಜೆ ಹೊತ್ತಿಗೆ ಎಲ್ಲ ಹೊಟ್ಟೆ ಸೇರಿರುತ್ತೆ ಸಾರ್.”

ಅವನು ಕಂಪ್ಯೂಟರಿನ ಕಡೆ ತಿರುಗಿದ. ಮೇಲ್ ಬರೆಯಲು ಕೂತ. ಅವಳು ಬಿಲ್ಲಿಂಗಿನ ಹುಡುಗಿಯ ಬಳಿ ಹೋಗಿ ಬೆಳಿಗ್ಗೆಯಿಂದ ಕೋಳಿ ಕೊಂಡವರ ಪಟ್ಟಿ ತೆಗೆಸಿದಳು. ಮೂವತ್ತೊಂದು ಜನ ಪಾಯಿಂಟ್ಸಿನ ಆಸೆಗೆ ಫೋನ್ ನಂಬರ್ ಕೊಟ್ಟಿದ್ದರು. ಏಳು ಜನ ಕೊಟ್ಟಿರಲಿಲ್ಲ. (ಯಾರೂ ನಂಬರ್ ಕೊಡಬಾರದು, ಅದು ನಮ್ಮ ಖಾಸಗಿತನ ಎಂದು ನಾನು ಹಿಂದೊಮ್ಮೆ ಲೇಖನವೇ ಬರೆದಿದ್ದೆ. ಇವತ್ತು ಆ ಲೇಖನ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದೆ.)

ಅವಳು ಕೌಂಟರಿನ ಫೋನ್ ಎತ್ತಿಕೊಳ್ಳುವ ಮೊದಲೇ ಕಥೆ ಮುಗಿಸಿಬಿಡಬೇಕೆಂದು ನಾನು ಅವಸರಪಟ್ಟೆ. ನನಗೆ ಭಯವಾಗಿತ್ತು. ಮೂರು ದಾರಿ ಮುಂದಿಟ್ಟೆ.

ಒಂದು: ಮೂವತ್ತೊಂದು ಜನರೂ ಇನ್ನೂ ಅಡುಗೆ ಮಾಡಿಲ್ಲ. ಎಲ್ಲರೂ ಥ್ಯಾಂಕ್ಸ್ ಹೇಳುತ್ತಾರೆ.

“ಮಧ್ಯಾಹ್ನ ಒಂದು ಗಂಟೆಗೆ? ಮೂವತ್ತೊಂದು ಮನೆಲೂ ಒಲೆ ಹಚ್ಚಿಲ್ವಾ? ನೀವು ಮನೇಲಿ ಅಡುಗೆಮನೆ ಕಡೆ ಹೋಗ್ತೀರೋ ಇಲ್ವೋ?”

ಎರಡು: ಡ್ರೈವರನ್ನು ಹಿಡಿದುಕೊಂಡು ಹೋಗುತ್ತಾರೆ. ಪೇಪರಿನಲ್ಲಿ ಫೋಟೊ. ಅವಳ ಹೆಸರು ಎಲ್ಲೂ ಬರುವುದಿಲ್ಲ.

“ಆ ಅಣ್ಣನ ತಲೆಗೆ ಕಟ್ಟಬೇಡಿ. ಅವನು ಬೋರ್ಡ್ ನಂಬಿದ, ನಾನು ಕೋಳಿ ನಂಬಿದೆ. ಎಷ್ಟು ವ್ಯತ್ಯಾಸ ಇದೆ ನೀವೇ ಹೇಳಿ.”

ಮೂರು: ಅವಳು ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು ರಾಜೀನಾಮೆ ಕೊಟ್ಟು, ಬೀದಿಗಿಳಿದು, ಹಿಂದೆ ತಿರುಗಿ ನೋಡದೆ ನಡೆದುಹೋಗುತ್ತಾಳೆ. ಇದು ನನಗೆ ಬಹಳ ಇಷ್ಟವಾಗಿತ್ತು.

“ನಡ್ಕೊಂಡು ಹೋದ್ರೆ ಫೋನ್ ಯಾರು ಮಾಡ್ತಾರೆ?”

ನನ್ನ ಬಳಿ ನಾಲ್ಕನೆಯದು ಇರಲಿಲ್ಲ. ಅವಳು ನಂಬರ್ ಒತ್ತಿದಳು.

೭

ಮೊದಲ ಕರೆಗೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ಆ ಕಡೆಯಿಂದ “ಹಲೋ” ಎಂದ ಕೂಡಲೇ ಬಾಯಿಗೆ ಬಂದದ್ದು “ಊಟ ಆಯ್ತಾ?” ಎಂಬ ಮಾತು. ಹುಟ್ಟಿದಾಗಿನಿಂದ ಕಂಡ ಕಂಡವರನ್ನೆಲ್ಲ ಕೇಳಿದ್ದಳು. ಇಲ್ಲ ಎನ್ನಲಿ ದೇವರೇ ಎಂದುಕೊಂಡು ಕೇಳಿದ್ದು ಇದೇ ಮೊದಲು.

“ಇಲ್ಲ. ಯಾರು ಮಾತಾಡ್ತಿರೋದು?”

ಮೊದಲನೆಯವರದು ಆಗಿರಲಿಲ್ಲ. ಎರಡನೆಯವರು ವಾಸನೆ ನೋಡಿ ಆಗಲೇ ಬಿಸಾಡಿ, ಅಂಗಡಿಗೆ ಬಂದು ಜಗಳ ತೆಗೆಯಲು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವರು ಬೈದಷ್ಟೂ ಅವಳಿಗೆ ಹಾಯೆನಿಸಿತು. ನಾಲ್ಕನೆಯವರು ಫ್ರೀಜರಿನಲ್ಲಿಟ್ಟಿದ್ದರು. ಏಳನೆಯವರು ಎತ್ತಲಿಲ್ಲ, ಪಕ್ಕದಲ್ಲಿ ಗುರುತು ಹಾಕಿಕೊಂಡಳು. ಒಂಬತ್ತನೆಯವನು ಒಲೆಯ ಮೇಲಿದ್ದ ಪಾತ್ರೆಯನ್ನು ಅವಳಿಗೆ ಕೇಳಿಸುವಂತೆಯೇ ಕೆಳಗಿಳಿಸಿದ. ಪ್ರತಿ ಸಲವೂ ಅವಳು ಉಸಿರು ಹಿಡಿದುಕೊಂಡು ಕೇಳುತ್ತಿದ್ದಳು, ನಾನು ಉಸಿರು ಹಿಡಿದುಕೊಂಡು ಬರೆಯುತ್ತಿದ್ದೆ.

ಹದಿಮೂರನೆಯ ನಂಬರನ್ನು ಒಬ್ಬರು ಅಜ್ಜಿ ಎತ್ತಿದರು. ದನಿಯಲ್ಲಿ ನೆಗಡಿ.

“ಅಜ್ಜಿ, ಸೂಪರ್‌ಮಾರ್ಕೆಟ್ಟಿಂದ ಮಾತಾಡ್ತಿರೋದು. ಊಟ ಆಯ್ತಾ?”

“ಆಯ್ತಮ್ಮ. ಒಂದು ಹತ್ತು ನಿಮಿಷ ಆಯ್ತು ಅಷ್ಟೇ, ತಟ್ಟೆ ತೊಳೀತಿದ್ದೆ.”

ಅವಳು ಗಡಿಯಾರ ನೋಡಿದಳು. ಕ್ರೇಟಿನ ಮೇಲೆ ಕೂತದ್ದು ಇಪ್ಪತ್ತು ನಿಮಿಷ. ನೋಡಬಾರದಿತ್ತು.

“ಕೋಳಿ ಮಾಡಿದ್ರಾ?”

“ಹೂಂ ಕಣಮ್ಮ, ನಿಮ್ಮಲ್ಲೇ ತಂದಿದ್ದು. ನನಗೆ ಈ ಶೀತಕ್ಕೆ ರುಚಿನೂ ಗೊತ್ತಾಗ್ಲಿಲ್ಲ, ವಾಸನೆನೂ ಗೊತ್ತಾಗ್ಲಿಲ್ಲ. ಮೊಮ್ಮಗಳು ಮಾತ್ರ ಎರಡು ಸಲ ಹಾಕಿಸ್ಕೊಂಡ್ಲು. ಮೂರು ವರ್ಷ ಅವಳಿಗೆ, ದಿನಾ ತಟ್ಟೆ ಮುಂದೆ ಕೂತು ಅಳೋ ಮಗು. ಇವತ್ತು ಕೇಳಿ ಕೇಳಿ ತಿಂದ್ಲು.” ಅಜ್ಜಿ ಸ್ವಲ್ಪ ಹೊತ್ತು ಕೆಮ್ಮಿದರು. “ಯಾಕಮ್ಮ, ಲಕ್ಕಿ ಡ್ರಾ ಏನಾದ್ರೂ ಬಂತಾ?”

ಅವಳು ಫೋನಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು. ಈ ಕಥೆಯಲ್ಲಿ ಅವಳ ಕಣ್ಣಲ್ಲಿ ನೀರು ನೋಡಿದ್ದು ಇದೊಂದೇ ಸಲ.

“ಮಗುಗೆ ಏನೂ ಆಗಲ್ಲ ಅಂತ ಬರೆದುಬಿಡ್ಲಾ ಅಕ್ಕ?” ಎಂದೆ. “ಒಂದೇ ಸಾಲು. ಚೆನ್ನಾಗಿ ಬೆಂದಿತ್ತು ಅಂತ.”

“ಬೆಂದಿತ್ತು ಅಂತ ನಿಮಗೆ ಗೊತ್ತಾ?”

“ಗೊತ್ತಿಲ್ಲ.”

“ಹಾಗಾದ್ರೆ ಬರೀಬೇಡಿ.”

ನಾನು ಪೆನ್ನನ್ನು ಕಾಗದದಿಂದ ಎತ್ತಿದೆ. ಅವಳು ಫೋನಿನ ಮೇಲಿನ ಕೈ ತೆಗೆದಳು.

“ಅಜ್ಜಿ, ಮಗು ಹತ್ರದಲ್ಲೇ ಇದೆಯಾ? ಕರ್ಕೊಂಡು ಬನ್ನಿ, ಪಕ್ಕದಲ್ಲಿ ಕೂರಿಸ್ಕೊಳ್ಳಿ. ನೀವೂ ಕೂತ್ಕೊಳ್ಳಿ. ನಾನು ಹೇಳೋದನ್ನ ಸ್ವಲ್ಪ ಪೂರ್ತಿ ಕೇಳಿ,” ಎಂದಳು. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಪಟ್ಟಿಯಲ್ಲಿ ಇನ್ನೂ ಹದಿನೆಂಟು ನಂಬರುಗಳಿದ್ದವು, ನಂಬರ್ ಕೊಡದ ಏಳು ಜನ ಬೇರೆ.