ಒಂದೇ ತತ್ತಿಯ ಮಕ್ಕಳು

ಓಕ್‌ಬುನ್ ಹೆತ್ತದ್ದು ಅವಳಿ ಗಂಡುಮಕ್ಕಳನ್ನು. ಇಬ್ಬರದೂ ಒಂದೇ ಅಚ್ಚು. ದೋಮಿನ್ ಯಾರು, ದೋಗ್ಯು ಯಾರು ಎಂದು ತಿಳಿಯಲು ಹೆತ್ತವಳೇ ಕಿವಿಯ ಹಿಂದಿನ ಮಚ್ಚೆ ಹುಡುಕಬೇಕಿತ್ತು. “ನನ್ನವು ಒಂದೇ ತತ್ತಿಯವು ಕಣ್ರೀ!” ಎಂದು ದೇಗು ಊರಿನ ಸಂತೆಯಲ್ಲೆಲ್ಲ ಹೇಳಿಕೊಂಡು ಮೆರೆದವಳು ಆಕೆ. ಆ ಮಾತೇ ಈಗ ಕೊರಳಿಗೆ ಸುತ್ತಿಕೊಂಡಿತ್ತು.

ದೋಗ್ಯು ರಾಜಧಾನಿ ಸೋಲ್‌ನಲ್ಲಿ ಒಬ್ಬ ಗಂಡಸಿನ ಜೊತೆ ಸಂಸಾರ ಹೂಡಿದ್ದ. ದೋಮಿನ್‌ಗೆ ಹೇರಿನ್ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ದೋಗ್ಯುವಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೇರಿನ್‌ಳ ತಾಯಿ ಓಡಿಬಂದಳು. ಕೊಟ್ಟ ಬಾರ್ಲಿ ಚಹಾ ಮುಟ್ಟಲೂ ಇಲ್ಲ.

“ಬೀಗ್ತಿ, ಒಂದೇ ತತ್ತಿ ಅಂತ ನೀವೇ ಹೇಳಿದ್ರಲ್ಲ. ಒಬ್ಬನಲ್ಲಿರೋದು ಇನ್ನೊಬ್ಬನಲ್ಲಿ ಇರಲ್ವಾ? ನಾಳೆ ಇವನೂ ನನ್ನ ಮಗಳನ್ನ ಬಿಟ್ಟು ಹೋದ್ರೆ?”

“ಅಯ್ಯೋ, ದೋಮಿನ್ ಹಂಗಲ್ಲ! ಹೇರಿನ್ ಅಂದ್ರೆ ಪ್ರಾಣ ಬಿಡ್ತಾನೆ.”

“ಡಾಕ್ಟರು ಹೇಳಲಿ, ನಂಬ್ತೀನಿ.”

ಓಕ್‌ಬುನ್ ದೋಮಿನ್‌ನ ದಿಂಬಿನಿಂದ ಕೂದಲು ಆರಿಸಿ, ಕಿಮ್ಚಿ ಉಪ್ಪಿನಕಾಯಿಯ ಖಾಲಿ ಡಬ್ಬಿಯಲ್ಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ವಂಶವಾಹಿ ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡಬ್ಬಿ ನೋಡಿ ನಗಲಿಲ್ಲ, ಅಷ್ಟು ಪುಣ್ಯ.

“ಕೂದಲು ನೋಡಿ ಇದನ್ನ ಹೇಳೋಕಾಗಲ್ಲಮ್ಮ. ಇದಕ್ಕೇ ಅಂತ ಒಂದು ಜೀನ್ ಇಲ್ಲ. ಎಷ್ಟೋ ಜೀನ್‌ಗಳದ್ದು ಚೂರುಚೂರು ಪಾಲಿರುತ್ತೆ. ಮಿಕ್ಕಿದ್ದು ಏನು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಒಂದೇ ತತ್ತಿಯವರಲ್ಲೂ ಒಬ್ಬ ಹಿಂಗೆ, ಒಬ್ಬ ಹಂಗೆ ಇರ್ತಾರೆ.”

“ಹಂಗಾದ್ರೆ ನನ್ನಿಂದ ಆದ ತಪ್ಪಲ್ವಾ?”

“ಯಾರ ತಪ್ಪೂ ಅಲ್ಲ. ಇದು ಕಾಯಿಲೇನೂ ಅಲ್ಲ.”

“ಸರಿ ತಾಯಿ. ಬೀಗ್ತಿಗೆ ಏನು ಹೇಳ್ಲಿ?”

ಡಾಕ್ಟರು ಡಬ್ಬಿಯ ಮುಚ್ಚಳ ಹಾಕಿ ವಾಪಸು ಕೊಟ್ಟರು.

ಡಾಕ್ಟರು ಹೇಳಿದ್ದನ್ನು ಕೇಳಿ ಬೀಗಿತ್ತಿ ಕೊನೆಗೆ ಒಂದು ಮೆಟ್ಟಿಲು ಇಳಿದಳು: ಮದುವೆ ನಡೆಯಲಿ, ಆದರೆ ದೋಗ್ಯು ಅಲ್ಲಿ ಕಾಣಬಾರದು. ಒಂದೇ ಮುಖ ಎರಡು ಕಡೆ ಕಂಡರೆ ನೆಂಟರ ಬಾಯಿ ಮುಚ್ಚಿಸುವವರಾರು? ಓಕ್‌ಬುನ್ ದೋಗ್ಯುವಿಗೆ ಫೋನ್ ಮಾಡಿದಳು. “ಮದುವೆ ದಿನ ನೀನು...” ಎಂದು ಶುರುಮಾಡಿದಳು.

“ಗೊತ್ತಾಯ್ತಮ್ಮ,” ಅವನೇ ಹೇಳಿದ. “ನನಗೆ ಜ್ವರ ಅಂತ ಅಣ್ಣಂಗೆ ಹೇಳ್ಬಿಡು.”

“ಊಟ ಆಯ್ತಾ ಮಗಾ?” ಎಂದಷ್ಟೇ ಕೇಳಿ ಫೋನಿಟ್ಟಳು. ತನ್ನ ಮೇಲೇ ಅಸಹ್ಯವಾಯಿತು.

ಮದುವೆಯ ದಿನ ಇಬ್ಬರು ತಾಯಂದಿರೂ ಪದ್ಧತಿಯಂತೆ ಕೈ ಕೈ ಹಿಡಿದು ನಡೆದು ಮೊಂಬತ್ತಿ ಹಚ್ಚಿದರು. ಆ ಕೈಯನ್ನು ಕೊಡವಿಬಿಡಬೇಕು ಎನಿಸಿತು ಓಕ್‌ಬುನ್‌ಗೆ. ಕೊಡವಲಿಲ್ಲ.

ಆಮೇಲೆ ಒಳಕೋಣೆಯ ಶಾಸ್ತ್ರ. ಮದುಮಕ್ಕಳು ಬಿಳಿ ಬಟ್ಟೆ ಚಾಚಿ ಹಿಡಿಯುತ್ತಾರೆ, ಗಂಡಿನ ತಾಯಿ ಬೋರೆಹಣ್ಣು ಎಸೆಯುತ್ತಾಳೆ. ಎಷ್ಟು ಬಿದ್ದವೋ ಅಷ್ಟು ಮಕ್ಕಳು. ಈಗಿನ ರೂಢಿಯಂತೆ ಬೀಗಿತ್ತಿಯೂ ಮಗಳ ಪಕ್ಕದಲ್ಲೇ ಕೂತಿದ್ದಳು. ಓಕ್‌ಬುನ್ ಎಸೆದ ಹಣ್ಣುಗಳಲ್ಲಿ ಹೆಚ್ಚಿನವು ನೆಲದ ಪಾಲಾದವು. ಬಟ್ಟೆಗೆ ಬಿದ್ದದ್ದು ಎರಡೇ.

“ಎರಡು!” ದೋಮಿನ್‌ನ ಮುದಿ ಚಿಕ್ಕಪ್ಪ ಕೂಗಿದ. “ಅವಳಿ ಹುಟ್ಲಿ! ಒಂದೇ ತತ್ತಿಯವು, ಅಪ್ಪನ ಹಂಗೇ!”

ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಬೀಗಿತ್ತಿ ಬಟ್ಟೆಯಿಂದ ಒಂದು ಹಣ್ಣನ್ನು ಮೆಲ್ಲನೆ ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಓಕ್‌ಬುನ್ ಕಂಡಳು. ತಡೆಯಲೆಂದು ಕೈ ಎತ್ತಿದಳು. ಆದರೆ ಜ್ವರದ ನೆಪ ಹೇಳಿ, ಎರಡರಲ್ಲಿ ಒಂದನ್ನು ಮೊದಲು ಎತ್ತಿ ಮುಚ್ಚಿಟ್ಟವಳು ತಾನೇ ಅಲ್ಲವೇ? ಯಾವ ಬಾಯಿಂದ ಬೇಡವೆನ್ನುವುದು? ಎತ್ತಿದ ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.