ಎಡಗಡೆಯದು

ಸ್ಕ್ಯಾನಿಂಗ್ ಮಂಚದ ಮೇಲೆ ಅಂಗಿ ಎತ್ತಿಕೊಂಡು ಮಲಗಿದ್ದ ಪ್ಲಂಬರ್, ಆ ನೋವಿಗೆ ಈವರೆಗೆ ತೆತ್ತದ್ದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಒಂದು ಹೊಸ ಹಾಸಿಗೆ, ಸೊಂಟಕ್ಕೊಂದು ಬೆಲ್ಟು, ಡಬ್ಬಿಗಟ್ಟಲೆ ಮುಲಾಮು, ಕೈತಪ್ಪಿದ ಎರಡು ದೊಡ್ಡ ಕೆಲಸ. ಹಾಸಿಗೆ ಅಕ್ಕನ ಸಲಹೆ, ಬೆಲ್ಟು ಔಷಧಿ ಅಂಗಡಿಯವನದು. ಹೆಂಡತಿ ಮೊದಲಿಂದಲೂ ಗ್ಯಾಸು ಎಂದೇ ಹಟ ಹಿಡಿದಿದ್ದಳು. ಅವನಿಗೋ, ನೀರಿನ ಟ್ಯಾಂಕು ಹೊತ್ತು ಮಹಡಿ ಹತ್ತಿದ್ದರ ಫಲವೇ ಇದು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಬೆನ್ನಲ್ಲಿ ಹುಟ್ಟಿ, ಪಕ್ಕೆ ಬಳಸಿ, ಕಿಬ್ಬೊಟ್ಟೆಗೆ ಇಳಿಯುವ ನೋವು.

"ಎಡಗಡೆ ಕಿಡ್ನಿ ಊದ್ಕೊಂಡಿದೆ," ಎಂದರು ಡಾಕ್ಟರಮ್ಮ. "ಮೂತ್ರ ಇಳಿಯೋ ನಾಳದಲ್ಲಿ ಕಲ್ಲು ಕೂತಿದೆ. ನೀರು ಎಷ್ಟು ಕುಡೀತೀರಾ?"

ಕಾಲ ಬಳಿ ನಿಂತಿದ್ದ ಹೆಂಡತಿ ಬಾಯಿ ಹಾಕಿದಳು.

"ಎಲ್ಲಿ ಕುಡೀತಾರೆ ಮೇಡಂ! ಬೆಳಿಗ್ಗೆ ಕೊಟ್ಟ ಬಾಟ್ಲಿ ಸಂಜೆ ತುಂಬಿದ ಹಾಗೇ ವಾಪಸ್ ಬರತ್ತೆ. ಊರವರ ಕಕ್ಕಸೆಲ್ಲ ಬಿಚ್ಚಿ ಜೋಡಿಸ್ತಾರೆ, ಒಂದ್ಸಲ ಹೋಗಿಬರ್ಲಾ ಅಂತ ಕೇಳೋಕೆ ಮಾತ್ರ ನಾಚಿಕೆ."

"ಕೆಲಸಕ್ಕೆ ಹೋದ ಮನೇಲಿ ಹೇಗೆ ಕೇಳೋದು ಕಣೇ?"

"ಕೇಳ್ಬೇಡಿ. ಕಿಡ್ನಿ ಕೊಟ್ಬಿಡಿ."

ಡಾಕ್ಟರಮ್ಮ ನಗಲಿಲ್ಲ. "ಪೂರ್ತಿ ಕಟ್ಟಿಕೊಂಡಿದ್ರೆ ಇವತ್ತೇ ಆಪರೇಷನ್ ಥಿಯೇಟರು. ಎಷ್ಟು ದಿನದಿಂದ ಕಟ್ಟಿದೆಯೋ ಗೊತ್ತಿಲ್ಲ, ಆಮೇಲೂ ಆ ಕಿಡ್ನಿ ಉಳಿಯತ್ತೆ ಅಂತ ಹೇಳೋಕಾಗಲ್ಲ. ಹರೀತಾ ಇದ್ರೆ ಕಾಯಬಹುದು. ಅಲ್ಲಾಡ್ಬೇಡಿ, ನೋಡೋಣ."

ಯಂತ್ರದ ಪರದೆಯನ್ನು ಅವನ ಕಡೆ ತಿರುಗಿಸಿ ಒಂದು ಗುಂಡಿ ಒತ್ತಿದರು. ಅಲ್ಲೊಂದು ಕಪ್ಪು ಕೊಳ. ಅದೇ ಅವನ ತುಂಬಿದ ಮೂತ್ರಕೋಶ. ಇದ್ದಕ್ಕಿದ್ದಂತೆ ಅದರ ಒಂದು ಮೂಲೆಯಿಂದ ಕೆಂಪು ಜ್ವಾಲೆಯಂಥದ್ದು ಚಿಮ್ಮಿ, ಕತ್ತಲೆಯನ್ನು ಓರೆಯಾಗಿ ದಾಟಿ ಆರಿಹೋಯಿತು.

"ಏನದು?"

"ಬಲಗಡೆ ಕಿಡ್ನಿ ಕಳಿಸಿದ ಮೂತ್ರ. ಮಿಷನ್ನು ಬಣ್ಣ ಹಚ್ಚಿ ತೋರಿಸತ್ತೆ. ಹೀಗೇ ಬಿಟ್ಟು ಬಿಟ್ಟು ಬರ್ತಾ ಇರತ್ತೆ."

"ಯಾವಾಗಿಂದ?"

"ನೀವು ಹುಟ್ಟೋಕೆ ಮುಂಚಿನಿಂದ."

ಅವನು ಕೂರಿಸಿದ ಯಾವ ಪಂಪೂ ವರ್ಷಕ್ಕೊಮ್ಮೆ ಕೈ ಕೊಡದೆ ಬಿಟ್ಟಿರಲಿಲ್ಲ. ಇದೋ, ತಾಯಿಯ ಹೊಟ್ಟೆಯಲ್ಲಿದ್ದಾಗ ಶುರುವಾದದ್ದು. ಅವನು ಗೊರಕೆ ಹೊಡೆಯುವಾಗ, ಹೆಂಡತಿಯೊಡನೆ ಕಾದಾಡುವಾಗ, ಟ್ಯಾಂಕು ಹೊರುವಾಗ, ಸದ್ದಿಲ್ಲದೆ ನಡೆದೇ ಇತ್ತು. ವಾಷರು ಬದಲಿಸಿದವರಿಲ್ಲ, ಬಿಲ್ಲು ಕಳಿಸಿದವರಿಲ್ಲ. ಅವನಿಗೇ ಗೊತ್ತಿರಲಿಲ್ಲ.

ಮತ್ತೆ ಬಲಗಡೆ ಚಿಮ್ಮಿತು. ಮತ್ತೂ ಒಮ್ಮೆ. ಎಡಗಡೆ ಮಾತ್ರ ಕಗ್ಗತ್ತಲು.

ಹೆಂಡತಿಯ ಕೈ ಅವನ ಹಿಮ್ಮಡಿಯನ್ನು ಹುಡುಕಿ ಗಟ್ಟಿಯಾಗಿ ಹಿಡಿಯಿತು. ಉಚ್ಚೆಗೆ ಅವಸರವಾಗಿ ಪ್ರಾಣವೇ ಹೋಗುವಂತಿತ್ತು, ಆದರೂ ಅವನು ಕಣ್ಣು ಮಿಟುಕಿಸಲಿಲ್ಲ. ಬಾ, ಎಂದ ಒಳಗೊಳಗೇ, ಮುನಿಸಿಕೊಂಡ ಮಗುವನ್ನು ಕರೆದ ಹಾಗೆ. ಬಾರಪ್ಪಾ.

ಬಲಗಡೆ ಇನ್ನೊಮ್ಮೆ ಚಿಮ್ಮಿತು.

ಆಮೇಲೆ ಎಡಗಡೆಯಿಂದ, ದಾರದಷ್ಟು ತೆಳ್ಳಗೆ, ಒಂದು ಕೆಂಪು ಎದ್ದಿತು. ನಡುಗಿತು. ಕೊಳದ ಅರ್ಧಕ್ಕೆ ಬಂದು ಕರಗಿತು.

"ಬಂತು," ಎಂದರು ಡಾಕ್ಟರಮ್ಮ, ಉಸಿರು ಬಿಟ್ಟು. "ಹರೀತಾ ಇದೆ. ಎದ್ದೇಳಿ, ಬಾತ್‌ರೂಮು ಅಲ್ಲೇ ಎದುರಿಗೆ."

ಅವನು ಏಳಲಿಲ್ಲ. "ಇನ್ನೊಂದ್ಸಲ ನೋಡ್ಲಾ ಮೇಡಂ?"

"ಇರಿ ರೀ, ನಂಗೆ ಕಾಣಿಸ್ಲಿಲ್ಲ," ಎಂದು ಹೆಂಡತಿ ಅವನ ಮೇಲೆಯೇ ಬಗ್ಗಿದಳು.

ಡಾಕ್ಟರಮ್ಮ ಗಡಿಯಾರ ನೋಡಿ, ಮತ್ತೆ ಗುಂಡಿ ಒತ್ತಿದರು. ಮೂವರೂ ಆ ಕತ್ತಲೆಯನ್ನೇ ನೋಡುತ್ತ ಕಾದರು. ಕಲ್ಲು ಇನ್ನೂ ಒಳಗೇ ಇತ್ತು. ಮೂತ್ರಪಿಂಡ ಉಳಿದಿತ್ತು.